ಗೋಡೆಯ ಕಿವಿಗೊಂದು ಮುಖ

ಹುಬ್ಬಳ್ಳಿ–ಹಾವೇರಿ ಹೆದ್ದಾರಿಯ ಮಗ್ಗುಲಲ್ಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಊರಿಗೆ ಊರೇ ಸಿಮೆಂಟಿನಲ್ಲಿ ನಿಂತಿದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅದು. ಅಲ್ಲಿನ ಆಳೆತ್ತರದ ಮಂದಿ ನಮ್ಮ ಗೊಡವೆಯೇ ಇಲ್ಲದೆ ತಮ್ಮ ಪಾಡಿಗೆ ತಾವು ಬದುಕು ನಡೆಸಿಕೊಂಡಿದ್ದಾರೆ: ದನಕರು, ಮನೆಗೆಲಸ, ಹರಟೆ. ಅವರನ್ನು ನಾವು ಎಷ್ಟು ಹೊತ್ತಾದರೂ ನೋಡಬಹುದು, ಮಾತು ಮಾತ್ರ ಕೇಳಿಸುವುದಿಲ್ಲ. ನಾನಂತೂ ಅಲ್ಲಿ ತಿರುಗಾಡುವಾಗ ತಾನಾಗಿ ದನಿ ತಗ್ಗಿಸುತ್ತೇನೆ, ಯಾರದೋ ಮನೆಯೊಳಕ್ಕೆ ಹೇಳದೆ ಕೇಳದೆ ಕಾಲಿಟ್ಟವರ ಹಾಗೆ.

ಈ ಊರಿಗೆ ಇವತ್ತಿನ ಕಾಲದ ಒಂದು ಪಡಸಾಲೆ ಸೇರಿಸಿ ಎಂದು ಶಿಲ್ಪಿಗೆ ಹೇಳಿದರೆ ಏನಾದೀತು? ಟಿವಿ ಮಾಡಿಯಾನು, ಮೊಬೈಲಿನ ಮೇಲೆ ಬಗ್ಗಿದ ಹುಡುಗನನ್ನು ಮಾಡಿಯಾನು. ಕಪಾಟಿನ ಮೇಲೆ ಕೂತು, ಮಾತಾಡಿಸಿದರೆ ಉತ್ತರಿಸುವ ಸ್ಮಾರ್ಟ್ ಸ್ಪೀಕರ್ ಬಂತೆಂದರೆ ಕೈ ನಿಂತೀತು. ಸೇರು ಪಾವಿನಷ್ಟು ದೊಡ್ಡ ಒಂದು ಡಬ್ಬಿ. ಕಣ್ಣಿಲ್ಲ, ಮೂಗಿಲ್ಲ, ಇದಕ್ಕೆ ಕಿವಿ ಇದೆ ಎನ್ನಲು ಗುರುತೂ ಇಲ್ಲ. ಇದ್ದ ಹಾಗೇ ಮಾಡಿಟ್ಟರೆ ನೋಡಿದವರು ಉಪ್ಪಿನ ಡಬ್ಬಿ ಅಂದುಕೊಂಡಾರು. ಮನೆಯವರೆಲ್ಲ ಮಲಗಿದ ಮೇಲೂ ಕಿವಿ ತೆರೆದು ಕೂತಿರುವುದು ಅದೊಂದೇ, ಅದಕ್ಕೇ ಮುಖವಿಲ್ಲ. ಆ ಕಿವಿಗೊಂದು ಮುಖ ಮಾಡಿಕೊಡಲು ಹೊರಟ ಕೆಲವು ಕಲಾವಿದರ ಕತೆ ಈ ಅಧ್ಯಾಯ.

ಗೋಡೆಗೂ ಕಿವಿ ಇರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಮನುಷ್ಯರನ್ನು ಮನಸ್ಸಿನಲ್ಲಿಟ್ಟುಕೊಂಡೇ. ಗೋಡೆಯಾಚೆ ಯಾರಿದ್ದಾರೆ, ಅವರು ಕೇಳಿದ್ದನ್ನು ಯಾರಿಗೆ ಮುಟ್ಟಿಸುತ್ತಾರೆ, ಎಷ್ಟು ಉಪ್ಪುಖಾರ ಹಚ್ಚುತ್ತಾರೆ ಎಂಬುದೆಲ್ಲ ಓಣಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದುದರಿಂದಲೇ ಉಪಾಯಗಳೂ ಇದ್ದವು. ಹುಡುಗರು ಬಂದರೆ ಮಾತು ಹೊರಳಿಸುವುದು, ಬೀಗರ ಎದುರು ಕಣ್ಣಲ್ಲೇ ಹೇಳುವುದು, ಹಿತ್ತಲಿಗೆ ಕರೆದೊಯ್ದು ಪಿಸುಗುಡುವುದು. ಸವಣೂರಿನಂಥ ನವಾಬರ ಊರಲ್ಲಿ ಇನ್ನೊಂದು ಅನುಕೂಲ: ಕನ್ನಡ, ಉರ್ದು ಎರಡೂ ನಾಲಿಗೆಯ ಮೇಲೆ ಆಡುವವರು ಎದುರಿಗೆ ಕೂತವರನ್ನು ನೋಡಿ ಒಂದರಿಂದ ಇನ್ನೊಂದಕ್ಕೆ ಜಿಗಿದುಬಿಡಬಹುದು. ಇದೆಲ್ಲ ಕದ್ದುಮುಚ್ಚಿ ನಡೆಯುವ ವ್ಯವಹಾರ ಅನ್ನುವುದಕ್ಕಿಂತ ಒಟ್ಟಿಗೆ ಬದುಕುವ ಜಾಣತನ ಅನ್ನಬೇಕು. ಕೇಳುವವರ ಮುಖ ಕಂಡರೆ ತಾನೆ ಆ ಜಾಣತನ ನಡೆಯುವುದು?

ಡಬ್ಬಿಯ ಒಳಗನ್ನು ಮೊದಲು ನೋಡಿಬಿಡೋಣ. ಅಮೆಜಾನ್ ತನ್ನ ‘ಎಕೋ’ ಸ್ಪೀಕರನ್ನು ಅಮೆರಿಕದಲ್ಲಿ ಹೊರತಂದದ್ದು 2014ರ ನವೆಂಬರಿನಲ್ಲಿ, ಭಾರತಕ್ಕೆ ಬಂದದ್ದು 2017ರಲ್ಲಿ. ಆ ಮೊದಲ ಎಕೋದ ನೆತ್ತಿಯಲ್ಲಿ 7 ಮೈಕುಗಳಿದ್ದವು. ಒಂದು ಕಿವಿ ಸಾಲದೇ ಎಂದರೆ, ಕೋಣೆಯಲ್ಲಿ ಮಾತಾಡಿದವರು ಯಾವ ದಿಕ್ಕಿನಲ್ಲಿದ್ದಾರೆ ಎಂದು ಒಂದೇ ಕಿವಿಯಿಂದ ತಿಳಿಯುವುದು ಕಷ್ಟ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡು ಮೈಕುಗಳ ನಡುವೆ 7 ಸೆಂಟಿಮೀಟರ್ ಅಂತರವಿದ್ದರೆ ಹತ್ತಿರದ ಮೈಕಿಗೂ ದೂರದ ಮೈಕಿಗೂ ಶಬ್ದ ಮುಟ್ಟುವುದರಲ್ಲಿ ಹೆಚ್ಚೆಂದರೆ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲು ಹೆಚ್ಚುಕಡಿಮೆಯಾಗುತ್ತದೆ. ಅಷ್ಟೇ ಸಾಕು. ಆ ವ್ಯತ್ಯಾಸವನ್ನು ಲೆಕ್ಕ ಹಾಕಿ ಯಂತ್ರ ಮಾತು ಬಂದ ದಿಕ್ಕಿಗೆ ಗಮನ ಕೊಡುತ್ತದೆ, ಒಗ್ಗರಣೆಯ ಚಟಪಟ ಬಂದ ದಿಕ್ಕನ್ನು ತಗ್ಗಿಸುತ್ತದೆ. ಸಂತೆಯ ಗದ್ದಲದಲ್ಲಿ ನಮ್ಮ ಹೆಸರು ಕರೆದವರ ಕಡೆ ನಾವು ತಿರುಗುವುದೂ ಹೆಚ್ಚುಕಡಿಮೆ ಹೀಗೆಯೇ, ಎರಡೇ ಕಿವಿಗಳಿಂದ.

ಇನ್ನು ‘ಸದಾ ಕೇಳುವುದು’ ಎಂದರೇನು? ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಅದು ಹೆಸರು ಹಿಡಿದು ಕರೆದಾಗ ಮಾತ್ರ ಕೇಳುತ್ತದೆ ಎನ್ನುವುದು ಒಂದು. ಇಪ್ಪತ್ನಾಲ್ಕು ಗಂಟೆಯೂ ಎಲ್ಲವನ್ನೂ ಅಮೆರಿಕಕ್ಕೆ ಕಳಿಸುತ್ತಿರುತ್ತದೆ ಎನ್ನುವುದು ಇನ್ನೊಂದು. ಕರೆದಾಗ ಮಾತ್ರ ಕೇಳಬೇಕೆಂದರೆ, ಕರೆದದ್ದು ಗೊತ್ತಾಗುವುದಕ್ಕೆ ಮೊದಲೇ ಕೇಳುತ್ತಿರಬೇಕಲ್ಲ? ಹಾಗಾಗಿ ಅದು ಕೇಳುತ್ತಲೇ ಇರುತ್ತದೆ. ಕೇಳಿದ್ದನ್ನು ಶಾಲೆಯ ಪಾಟಿಯ ಮೇಲೆ ಬರೆದ ಹಾಗೆ ಬರೆದುಕೊಳ್ಳುತ್ತದೆ. ಕೆಲವು ಸೆಕೆಂಡಿಗೆ ಪಾಟಿ ತುಂಬುತ್ತದೆ, ಹಳೆಯದನ್ನು ಒರೆಸುತ್ತಾ ಹೊಸದನ್ನು ಬರೆಯುತ್ತದೆ. ಒಳಗೆ ಒಂದೇ ಒಂದು ಪದ ಕಲಿತ ಸಣ್ಣ ನರಜಾಲವೊಂದು ಆ ಪಾಟಿಯನ್ನು ನೋಡುತ್ತಿರುತ್ತದೆ. ‘ಅಲೆಕ್ಸಾ’ ಎಂಬ ತನ್ನ ಹೆಸರು ಕೇಳಿತು ಎಂದು ಅನ್ನಿಸಿದ್ದೇ ತಡ ಬಾಗಿಲು ತೆರೆಯುತ್ತದೆ, ಆಮೇಲಿನ ಮಾತು ದೂರದ ಸರ್ವರಿಗೆ ಹೋಗುತ್ತದೆ.

‘ಅನ್ನಿಸಿದ್ದೇ ತಡ’ ಎಂಬಲ್ಲೇ ಕತೆ ಇರುವುದು. ಯಂತ್ರಕ್ಕೆ ಯಾವ ಪದವೂ ಖಚಿತವಾಗಿ ಕೇಳಿಸುವುದಿಲ್ಲ. ಇಷ್ಟು ಪಾಲು ಇರಬಹುದು ಎಂದು ಅಂಕ ಕೊಡುತ್ತದೆ. ಅಂಕ ಒಂದು ಗೆರೆ ದಾಟಿದರೆ ಎಚ್ಚರ, ದಾಟದಿದ್ದರೆ ಸುಮ್ಮನೆ. ಗೆರೆಯನ್ನು ಮೇಲಕ್ಕೆ ಎಳೆದರೆ ಕೂಗಿ ಕೂಗಿ ಗಂಟಲು ಒಣಗಿದರೂ ಓಗೊಡುವುದಿಲ್ಲ. ಕೆಳಕ್ಕೆ ಎಳೆದರೆ ಕರೆಯದಿದ್ದರೂ ‘ಹಾಂ’ ಎಂದು ಎದ್ದು ಕೂಡುತ್ತದೆ. ಮೊದಲನೆಯದರಿಂದ ಗಿರಾಕಿಗೆ ಸಿಟ್ಟು ಬಂದು ವ್ಯಾಪಾರ ಕೆಡುತ್ತದೆ, ಎರಡನೆಯದು ಗಿರಾಕಿಗೆ ಗೊತ್ತಾಗುವುದೇ ಅಪರೂಪ. ಗೆರೆ ಎಳೆಯುವವರು ಕಂಪನಿಯವರು. ನೀತಿಯ ಪ್ರಶ್ನೆ ಎಂದು ನಾವು ದೊಡ್ಡ ದನಿಯಲ್ಲಿ ಹೇಳುವುದು ಕೊನೆಗೆ ಈ ಒಂದು ಅಂಕಿಯೊಳಗೆ ಬಂದು ಕೂತಿರುತ್ತದೆ.

ಸುಳ್ಳು ಕರೆಗೆ ಓಗೊಡುವ ಈ ಗುಣಕ್ಕೆ ಕನ್ನಡದಲ್ಲಿ ತಯಾರಾದ ಮಾತೇ ಇದೆ: ಹಿತ್ತಾಳೆ ಕಿವಿ. ಜರ್ಮನಿಯ ಬೋಕುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇಂಥ ಯಂತ್ರಗಳ ಮುಂದೆ ಟಿವಿ ಕಾರ್ಯಕ್ರಮಗಳನ್ನು ಹಾಕಿ ನೋಡಿದರು. ತಪ್ಪಾಗಿ ಎಬ್ಬಿಸುವ ಸಾವಿರಕ್ಕೂ ಹೆಚ್ಚು ಪದ, ಪದಗುಚ್ಛಗಳು ಸಿಕ್ಕವು. ‘ಎಲೆಕ್ಷನ್’ ಎಂದರೂ ಅಲೆಕ್ಸಾ ಎದ್ದು ಕೂಡುತ್ತಿತ್ತಂತೆ. ಹಾಗಿದ್ದರೆ ಚುನಾವಣೆ ಹೊತ್ತಿನಲ್ಲಿ ಶಿಗ್ಗಾವಿಯ ಗತಿ ಏನು! ನಮ್ಮ ಕಡೆ ದಿನಕ್ಕೆ ಹತ್ತು ಸಲ ಬರುವ ‘ಅಲ್ಯಾಕ್ ಸರ’ ಎಂಬ ಮಾತು ಅದರ ಕಿವಿಗೆ ಹೇಗೆ ಬಿದ್ದೀತು ಎಂಬುದು ಹಾವೇರಿ ಜಿಲ್ಲೆಯ ಯಾವುದೇ ಕಾಲೇಜಿನ ಹುಡುಗಿ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾದ ಪ್ರಯೋಗ. ಮಾಡಿದವರು ನನಗೂ ತಿಳಿಸಿ.

ಹಿತ್ತಾಳೆ ಕಿವಿಯ ಅತಿ ಪ್ರಸಿದ್ಧ ಪ್ರಕರಣ 2018ರದು. ಅಮೆರಿಕದ ಪೋರ್ಟ್‌ಲ್ಯಾಂಡಿನ ಮನೆಯೊಂದರಲ್ಲಿ ಗಂಡಹೆಂಡತಿ ಮರದ ನೆಲಹಾಸಿನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಯಂತ್ರಕ್ಕೆ ಯಾವುದೋ ಪದ ತನ್ನ ಹೆಸರಿನಂತೆ ಕೇಳಿತು, ಮುಂದಿನದು ‘ಸಂದೇಶ ಕಳಿಸು’ ಎಂಬಂತೆ ಕೇಳಿತು. ಯಾರಿಗೆ ಎಂದು ಅದು ಕೇಳಿದ್ದು ಅವರಿಗೆ ಕೇಳಲಿಲ್ಲ. ಅವರ ಹರಟೆಯಲ್ಲೇ ಒಂದು ಹೆಸರು ಅದಕ್ಕೆ ಕೇಳಿತು. ಅವರ ಮಾತುಕತೆ ಸಿಯಾಟಲ್‌ನಲ್ಲಿದ್ದ ಪರಿಚಯದವರೊಬ್ಬರ ಫೋನಿಗೆ ಹೋಗಿಬಿಟ್ಟಿತು. ನೆಲಹಾಸಿನ ಬದಲು ಬೇರೆಯವರ ಮನೆಯ ಸಾಲದ ಮಾತೋ ಹೆಣ್ಣು ನೋಡಿ ಬಂದ ಮಾತೋ ಆಗಿದ್ದರೆ? ಮನೆ ಸೋರುವುದನ್ನು ಹಾಡು ಮಾಡಿದ ಷರೀಫರ ಶಿಶುನಾಳ ಗೊಟಗೋಡಿ ಇರುವ ತಾಲ್ಲೂಕಿನಲ್ಲೇ ಇದೆ. ಅವರ ಕಾಲದಲ್ಲಿ ಮಾಳಿಗೆ ಹೊರಗಿನಿಂದ ಒಳಕ್ಕೆ ಸೋರುತ್ತಿತ್ತು.

ಕಲೆ ಮತ್ತು ಕದ್ದು ಕೇಳುವುದರ ಸಂಬಂಧ ಹೊಸದಲ್ಲ. ರೋಮಿನಲ್ಲಿದ್ದ ಅಥನೇಸಿಯಸ್ ಕಿರ್ಶರ್ ಎಂಬ ಪಾದ್ರಿ 1650ರಲ್ಲಿ ಪ್ರಕಟಿಸಿದ ಸಂಗೀತಶಾಸ್ತ್ರದ ಗ್ರಂಥದಲ್ಲಿ ಒಂದು ಚಿತ್ರವಿದೆ. ಶಂಖದಂತೆ ಸುರುಳಿ ಸುತ್ತಿದ ದೊಡ್ಡ ಕೊಳವೆ ಅರಮನೆಯ ಗೋಡೆಯೊಳಗೆ ಹುದುಗಿದೆ. ಅಗಲ ಬಾಯಿ ಜನ ಸೇರುವ ಅಂಗಳಕ್ಕೆ, ಕಿರಿದಾದ ತುದಿ ಒಳಕೋಣೆಯ ಪ್ರತಿಮೆಯೊಂದರ ತುಟಿಗೆ. ಅಂಗಳದ ಮಾತು ಒಳಗಿನ ಪ್ರತಿಮೆಯ ಬಾಯಲ್ಲಿ ಹೊರಡಬೇಕು ಎನ್ನುವುದು ಲೆಕ್ಕಾಚಾರ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ವಿಜಯಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟ ಮೇಲೇಳುತ್ತಿತ್ತು. ಅದು ಮುಗಿದದ್ದು 1656ರಲ್ಲಿ. ಗುಮ್ಮಟದ ಒಳಸುತ್ತಿನಲ್ಲಿ ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಶಬ್ದದ ಅಲೆ ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಹೊರಳಿ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಮುಟ್ಟುತ್ತದೆ. ಸಿ.ವಿ. ರಾಮನ್ 1922ರಲ್ಲಿ ಪ್ರಕಟಿಸಿದ ಪಿಸುಗ್ಯಾಲರಿಗಳ ಅಧ್ಯಯನದಲ್ಲಿ ಗೋಳಗುಮ್ಮಟವೂ ಸೇರಿದೆ. ಅಲ್ಲಿಗೆ ಹೋದ ಪ್ರತಿಯೊಬ್ಬರೂ ಗೋಡೆಯ ಕಿವಿಯನ್ನು ಕೇಕೆ ಹಾಕಿ ಪರೀಕ್ಷಿಸಿಯೇ ಬರುತ್ತಾರೆ. ಒಂದು ಯಂತ್ರಕ್ಕೆ ‘ಎಕೋ’, ಅಂದರೆ ಪ್ರತಿಧ್ವನಿ, ಎಂದು ಹೆಸರಿಟ್ಟ ಕಂಪನಿಯವರಿಗೆ ಇದು ನೆನಪಿದ್ದಂತಿಲ್ಲ: ಪ್ರತಿಧ್ವನಿ ನಮ್ಮ ಮಾತನ್ನು ನಮಗೇ ವಾಪಸು ಕೊಟ್ಟು ಸುಮ್ಮನಾಗುತ್ತದೆ, ನಕಲು ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಕಲಾಕೃತಿಯಂತೂ ಏಳು ವರ್ಷ ಕೇಳಿತು. 1945ರಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಉಡುಗೊರೆ ಕೊಟ್ಟರು. ರಾಯಭಾರಿ ಅದನ್ನು ಮನೆಯ ಓದುಕೋಣೆಯ ಗೋಡೆಗೆ ತೂಗುಹಾಕಿದರು. ಅದರೊಳಗೆ ಲಿಯೋನ್ ಥೆರೆಮಿನ್ ಎಂಬ ಭೌತವಿಜ್ಞಾನಿ, ಕೈ ತಾಗಿಸದೆಯೇ ನುಡಿಸುವ ವಾದ್ಯವನ್ನು ಕಂಡುಹಿಡಿದ ಅದೇ ಥೆರೆಮಿನ್, ಮಾಡಿದ ಕಿವಿ ಇತ್ತು. ಬ್ಯಾಟರಿ ಇಲ್ಲ, ತಂತಿ ಇಲ್ಲ. ಒಂದು ಸಣ್ಣ ಲೋಹದ ಗೂಡು, ಅದಕ್ಕೆ ಬಿಗಿದ ತೆಳು ಪೊರೆ, ಒಂದು ಆಂಟೆನಾ. ಹೊರಗಿನಿಂದ ರೇಡಿಯೊ ತರಂಗ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಕೋಣೆಯ ಮಾತಿಗೆ ಪೊರೆ ನಡುಗಿದಂತೆ ಮರಳುವ ತರಂಗವೂ ಬದಲಾಗುತ್ತಿತ್ತು. ಸಿಕ್ಕಿಬಿದ್ದದ್ದು 1952ರಲ್ಲಿ. ಅಂದವಾಗಿದೆ ಎಂದು ಮನೆಯವರೇ ಗೋಡೆಗೆ ಏರಿಸಿಕೊಂಡ ಕಿವಿ ಅದು. ಈಗಿನವರು ದೀಪಾವಳಿ ರಿಯಾಯಿತಿಯಲ್ಲಿ ದುಡ್ಡು ಕೊಟ್ಟು ತರುತ್ತಾರೆ.

ಈಗ ಮುಖದ ಮಾತಿಗೆ ಬರೋಣ. ಅಮೆರಿಕದ ಕಲಾವಿದೆ ಲಾರೆನ್ ಲೀ ಮೆಕಾರ್ಥಿ 2017ರಲ್ಲಿ ಮಾಡಿದ ಕೃತಿಯ ಹೆಸರು ‘ಲಾರೆನ್’. ಅವರು ಮಾಡಿದ್ದು ಇಷ್ಟು: ಒಪ್ಪಿದವರ ಮನೆಗೆ ಹೋಗಿ ಕ್ಯಾಮರಾ, ಮೈಕು, ದೀಪದ ಸ್ವಿಚ್ಚು, ಬಾಗಿಲ ಬೀಗ ಇವನ್ನೆಲ್ಲ ಇಂಟರ್ನೆಟ್ಟಿಗೆ ಜೋಡಿಸಿ ಬಂದರು; ಆಮೇಲೆ ದೂರದಲ್ಲಿ ಕೂತು ತಾವೇ ಆ ಮನೆಯ ಅಲೆಕ್ಸಾ ಆದರು. ಕತ್ತಲಾದರೆ ದೀಪ ಹಾಕುವುದು, ಹೊತ್ತಿಗೆ ಸರಿಯಾಗಿ ನೆನಪಿಸುವುದು, ಕೇಳಿದ್ದಕ್ಕೆ ಉತ್ತರ ಹೇಳುವುದು, ಕೇಳದಿದ್ದರೂ ಬೇಕಾದದ್ದನ್ನು ಊಹಿಸುವುದು. ರಾತ್ರಿ ಹಗಲು. ಮನೆಯವರಿಗೆ ಆ ಕಡೆ ಒಬ್ಬ ಹೆಂಗಸು ಕೂತಿದ್ದಾಳೆ ಎಂದು ಗೊತ್ತಿತ್ತು, ಹೆಸರೂ ಗೊತ್ತಿತ್ತು. 2019ರ ‘ಸಮ್‌ಒನ್’ ಎಂಬ ಕೃತಿಯಲ್ಲಿ ಅವರು ಆ ಕುರ್ಚಿಯನ್ನು ನೋಡುಗರಿಗೇ ಬಿಟ್ಟುಕೊಟ್ಟರು: ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಲ್ಯಾಪ್‌ಟಾಪುಗಳ ಮುಂದೆ ಕೂತ ಯಾರಾದರೂ ಅಮೆರಿಕದ ನಾಲ್ಕು ಮನೆಗಳನ್ನು ನೋಡಬಹುದು, ‘ಸಮ್‌ಒನ್’ ಎಂದು ಅವರು ಕರೆದಾಗ ಓಗೊಡಬಹುದು. ಆ ಕೃತಿಗೆ 2020ರಲ್ಲಿ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾದ ಗೋಲ್ಡನ್ ನಿಕಾ ಪ್ರಶಸ್ತಿ ಬಂತು.

‘ಲಾರೆನ್’ ಬಗ್ಗೆ ಓದಿದಾಗ ಮೊದಲು ನನಗೆ ಅನ್ನಿಸಿದ್ದು, ಇದು ಸ್ವಲ್ಪ ಅತಿಯಾಯಿತು ಎಂದು. ಯಂತ್ರದ ಜಾಗದಲ್ಲಿ ಮನುಷ್ಯರನ್ನು ಕೂರಿಸಿ ಹೆದರಿಸುವುದು ಸುಲಭ. ಆದರೆ 2019ರಲ್ಲಿ ಒಂದರ ಹಿಂದೊಂದು ಸುದ್ದಿ ಬಂದವು. ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು: ಅಲೆಕ್ಸಾದ ಧ್ವನಿಮುದ್ರಣಗಳಲ್ಲಿ ಕೆಲವನ್ನು ಯಂತ್ರವನ್ನು ತಿದ್ದುವ ಸಲುವಾಗಿ ಅಮೆಜಾನಿನ ನೌಕರರು, ಗುತ್ತಿಗೆ ಕೆಲಸಗಾರರು ಕೇಳಿ ಬರೆದುಕೊಳ್ಳುತ್ತಾರೆ, ಬಾಸ್ಟನ್‌ನಲ್ಲಿ, ಕೋಸ್ಟರಿಕಾದಲ್ಲಿ, ರುಮೇನಿಯಾದಲ್ಲಿ, ಭಾರತದಲ್ಲೂ. ಜುಲೈನಲ್ಲಿ ಬೆಲ್ಜಿಯಂನ ಸುದ್ದಿಸಂಸ್ಥೆ ವಿಆರ್‌ಟಿಗೆ ಗೂಗಲ್ ಅಸಿಸ್ಟೆಂಟಿನ ಸಾವಿರಕ್ಕೂ ಹೆಚ್ಚು ತುಣುಕುಗಳು ಸಿಕ್ಕವು. ಅವುಗಳಲ್ಲಿ 153 ಯಾರೂ ಕರೆಯದೆ ದಾಖಲಾದವು. ಆಪಲ್‌ನ ಸಿರಿಯ ಕತೆಯೂ ಅದೇ ತಿಂಗಳು ಹೊರಬಿತ್ತು. ಅಂದರೆ ಮೆಕಾರ್ಥಿ ಉತ್ಪ್ರೇಕ್ಷೆ ಮಾಡಿರಲಿಲ್ಲ, ಮೊದಲೇ ವರದಿ ಒಪ್ಪಿಸಿದ್ದರು. ವ್ಯತ್ಯಾಸ ಒಂದೇ: ಅವರು ಬಾಗಿಲು ತಟ್ಟಿ, ಹೆಸರು ಹೇಳಿ, ಒಪ್ಪಿಗೆ ಪಡೆದು ಕೇಳಿದರು.

ಕೇಳುತ್ತಿದ್ದಾರೆ ಎಂದು ಗೊತ್ತಾದಾಗ ನಮ್ಮ ಮಾತೇ ಬದಲಾಗುತ್ತದೆ ಎಂಬುದನ್ನು ಇನ್ನೊಂದು ಕೃತಿ ತಮಾಷೆಯಾಗಿ ತೋರಿಸಿತು. ಜಾನಿ ಸನ್ ಮತ್ತು ಹ್ಯಾನಾ ಡೇವಿಸ್ ಸೇರಿ 2018ರಲ್ಲಿ ಅಮೆರಿಕದ ಕೇಂಬ್ರಿಜ್ ಸಾರ್ವಜನಿಕ ಗ್ರಂಥಾಲಯದಲ್ಲಿ ಟಿವಿ ಧಾರಾವಾಹಿಯ ಪಡಸಾಲೆಯಂಥ ಕೋಣೆ ಕಟ್ಟಿದರು. ಒಳಗೆ ಕೂತವರು ಆಡಿದ ಮಾತು ಯಂತ್ರಕ್ಕೆ ‘ಹಾಸ್ಯ’ ಅನ್ನಿಸಿದರೆ ನಗೆಯ ಟೇಪು ಹೊಡೆಯುತ್ತದೆ. ಜನ ಏನು ಮಾಡುತ್ತಾರೆ ಹೇಳಿ? ಯಂತ್ರವನ್ನು ನಗಿಸಲು ನಿಲ್ಲುತ್ತಾರೆ.

ಡೆನ್ಮಾರ್ಕಿನ ಬ್ಯೋರ್ನ್ ಕಾರ್ಮನ್ ಮತ್ತು ಟೋರೆ ಕ್ನುಡ್ಸನ್ ಜೋಡಿಯ ‘ಪ್ರಾಜೆಕ್ಟ್ ಅಲಿಯಾಸ್’ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಕೃತಿ. ಹಾನಗಲ್ ಸೀಮೆಯಲ್ಲಿ ಮಳೆ ಹಿಡಿದ ಮೇಲೆ ಕೊಳೆತ ಮರದ ತುಂಡಿನ ಮೇಲೆ ಏಳುತ್ತವಲ್ಲ ಅಣಬೆ, ಹಾಗೆ ಇದು ಸ್ಮಾರ್ಟ್ ಸ್ಪೀಕರಿನ ನೆತ್ತಿಯ ಮೇಲೆ ಅಂಟಿ ಕೂತುಕೊಳ್ಳುತ್ತದೆ. ಕೀಟದ ಮೈಯೊಳಗೆ ಹೊಕ್ಕು ಅದರ ನಡೆಯನ್ನೇ ತನ್ನ ವಶಕ್ಕೆ ತೆಗೆದುಕೊಳ್ಳುವ ಶಿಲೀಂಧ್ರವೇ ಇದಕ್ಕೆ ಮಾದರಿ. ಟೊಪ್ಪಿಗೆಯ ಒಳಗಿನ ಪುಟ್ಟ ಸ್ಪೀಕರುಗಳು ಕೆಳಗಿನ ಯಂತ್ರದ ಮೈಕಿಗೆ ಸದಾ ‘ಸ್ಸ್‌ಸ್’ ಎಂಬ ಗದ್ದಲ ತುಂಬುತ್ತಿರುತ್ತವೆ. ಕೋಣೆಯ ಮಾತು ಅದಕ್ಕೆ ಕೇಳುವುದಿಲ್ಲ. ನೀವೇ ಕಲಿಸಿದ ಹೆಸರನ್ನು ಅಣಬೆ ಕೇಳಿಸಿಕೊಂಡರೆ ಗದ್ದಲ ನಿಲ್ಲಿಸಿ ಕೆಳಗಿನ ಯಂತ್ರದ ಕಿವಿಯಲ್ಲಿ ಅದರ ಕಂಪನಿ ಹೆಸರನ್ನು ಪಿಸುಗುಡುತ್ತದೆ. ನಿಮ್ಮ ಹೆಸರಿನ ಕಲಿಕೆಯೆಲ್ಲ ಅಣಬೆಯೊಳಗಿನ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಹೊರಗೆ ಹೋಗುವುದಿಲ್ಲ. ಇದರ ಪ್ರೋಗ್ರಾಮನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಹಾನಗಲ್ಲಿನ ಹುಡುಗನೊಬ್ಬ ‘ಏ ತಮ್ಮಾ’ ಎಂದರೆ ಮಾತ್ರ ಏಳುವಂತೆ ಅದನ್ನು ಪಳಗಿಸಬಹುದು.

ಹೆಸರಿನ ಮಾತು ಬಂತು. ಈ ಯಂತ್ರಗಳಿಗೆ ಹೆಣ್ಣಿನ ದನಿ ಕೊಟ್ಟು ಆಜ್ಞೆ ಪಾಲಿಸಲು ಕೂರಿಸಿದ್ದನ್ನು ಯುನೆಸ್ಕೋ 2019ರ ವರದಿಯೊಂದರಲ್ಲಿ ಟೀಕಿಸಿತ್ತು. ಆಜ್ಞೆ ಕೊಡುವಾಗ ಮರ್ಯಾದೆ ಎಷ್ಟು ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಮಾತಾಡುವವರು ದಾಟಿಕೊಂಡು ಹೋಗಬಹುದು. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಅದು ಎದುರಿಗೆ ನಿಲ್ಲುತ್ತದೆ: ದೀಪ ‘ಹಚ್ಚು’ ಎನ್ನಬೇಕೋ ‘ಹಚ್ಚರಿ’ ಎನ್ನಬೇಕೋ? ಫೋನಿನ ಗೂಗಲ್ ಅಸಿಸ್ಟೆಂಟ್ ಕನ್ನಡ ಕಲಿತಾಗಿದೆ. ಅದನ್ನು ಏಕವಚನದಲ್ಲಿ ಗದರುವ ಮಕ್ಕಳನ್ನು ನೋಡಿದಾಗ, ಮುಖವಿಲ್ಲದವರನ್ನು ಮಾತಾಡಿಸುವ ರೂಢಿ ಮುಖವಿದ್ದವರ ಕಡೆಗೂ ಹರಿಯುತ್ತದೋ ಏನೋ ಎಂದು ನನಗೆ ಅಳುಕು.

ಇಂಥ ಕಿವಿ ಮನೆಯಲ್ಲಿರಬೇಕೇ ಎಂಬ ಜಗಳ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಮನೆಯೊಳಗಿಂದಲೇ ಶುರುವಾಯಿತು. ಕಂಪ್ಯೂಟರ್ ವಿಜ್ಞಾನಿ ಬೆನ್ ಜಾವ್ ಎಕೋ ಕೊಂಡು ತಂದರು; ಹೆಂಡತಿ ಹೆದರ್ ಜೆಂಗ್, ಅವರೂ ಅದೇ ವಿಭಾಗದ ಪ್ರಾಧ್ಯಾಪಕರು, ಇದು ಮನೆಯಲ್ಲಿ ಕೇಳುತ್ತಾ ಕೂಡುವುದು ತಮಗೆ ಬೇಡವೆಂದರು. ಆ ಅಸಮಾಧಾನದಿಂದ ಹುಟ್ಟಿದ್ದು, ಪೆಡ್ರೊ ಲೋಪೆಸ್ ಮತ್ತು ವಿದ್ಯಾರ್ಥಿಗಳ ಜೊತೆ ಸೇರಿ 2020ರಲ್ಲಿ ತೋರಿಸಿದ ‘ಮೌನದ ಬಳೆ’. ಬಳೆಯ ಸುತ್ತ ಕೂರಿಸಿದ ಪುಟ್ಟ ಸ್ಪೀಕರುಗಳು ಮನುಷ್ಯರ ಕಿವಿಗೆ ಎಟುಕದ ಎತ್ತರದ ಶಬ್ದ ಹೊರಡಿಸುತ್ತವೆ. ಮೈಕಿಗೊಂದು ದೌರ್ಬಲ್ಯವಿದೆ: ಅಂಥ ಶಬ್ದ ಬಲವಾಗಿ ಬಡಿದಾಗ ಅದರ ಒಂದು ಪಾಲು ಒಳಗಿನ ಸರ್ಕೀಟಿನಲ್ಲಿ ಇಳಿದು ಮಾತಿನ ಶ್ರೇಣಿಯಲ್ಲೇ ಗದ್ದಲವಾಗಿ ಹರಡುತ್ತದೆ. ನಮಗೆ ನಿಶ್ಶಬ್ದ, ಯಂತ್ರಕ್ಕೆ ಜಾತ್ರೆ. ಬಳೆಯನ್ನೇ ಆರಿಸಿದ್ದರಲ್ಲಿ ಯುಕ್ತಿ ಇದೆ. ಮಾತಾಡುವಾಗ ಕೈ ಆಡುತ್ತಲೇ ಇರುತ್ತದೆ, ಹಾಗಾಗಿ ಗದ್ದಲ ಮುಟ್ಟದ ಮೂಲೆ ಉಳಿಯುವುದು ಕಡಿಮೆ. ನಮ್ಮ ಮನೆಗಳಲ್ಲಿ ಬಳೆಯ ಸದ್ದಿನಿಂದಲೇ ಯಾರು ಬಂದರೆಂದು ಗೊತ್ತಾಗುತ್ತಿತ್ತು. ಸದ್ದು ಮುಚ್ಚಲು ಬಳೆ ತೊಡುವ ಕಾಲ ಬಂದದ್ದು ವಿಚಿತ್ರ.

ಹೆದರ್ ಜೆಂಗ್ ಎತ್ತಿದ ಪ್ರಶ್ನೆ ನಮ್ಮ ಕಡೆಯ ಮನೆಗೆ ಇನ್ನೂ ಹೆಚ್ಚು ಹೊಂದುತ್ತದೆ. ಹಿರೇಕೆರೂರು ತಾಲ್ಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಊರೂರು ಅಲೆದು, ಎದುರು ಕೂತು ಜನರ ಮಾತು ಕೇಳಿಸಿಕೊಂಡು ತ್ರಿಪದಿ ಕಟ್ಟಿದ ಸರ್ವಜ್ಞನನ್ನು ತನ್ನವನೆನ್ನುವ ಸೀಮೆ ಅದು. ಬೆಂಗಳೂರಿನ ಮಗ ಅವ್ವನಿಗೆ ಭಜನೆ ಕೇಳಲು ಸ್ಪೀಕರ್ ಕಳಿಸುತ್ತಾನೆ. ಷರತ್ತುಗಳಿಗೆ ‘ಒಪ್ಪಿದೆ’ ಎಂದು ಬೆರಳೊತ್ತಿದವನು ಮಗ, ಬೆಂಗಳೂರಿನಲ್ಲಿ. ಕೇಳಿಸಿಕೊಳ್ಳುವವರು ಅವ್ವ, ಅಡುಗೆಗೆ ನೆರವಾಗಲು ಬರುವಾಕೆ, ಹಾಲು ಹಾಕುವವನು, ಸಂಜೆ ಬಂದು ಸೊಸೆಯ ದೂರು ಹೇಳುವ ನೆರೆಯಾಕೆ. ಇವರಲ್ಲಿ ಒಬ್ಬರನ್ನೂ ಯಾರೂ ಕೇಳಲಿಲ್ಲ. ಒಪ್ಪಿಗೆ ಒಬ್ಬನದು, ಮಾತು ಓಣಿಯದು. ಮಕ್ಕಳ ವಿಷಯ ಇನ್ನೂ ಸೂಕ್ಷ್ಮ: ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು. ಸ್ಪೀಕರ್ ಇಲ್ಲದ ಮನೆಯವರು ನಿಶ್ಚಿಂತರಾಗಬೇಡಿ. ಜೇಬಿನ ಫೋನಿಗೂ, ಎಷ್ಟೋ ಟಿವಿಗಳ ರಿಮೋಟಿಗೂ ಮೈಕು ಇದೆ.

ಕದ್ದು ಕೇಳುವುದಕ್ಕೆ ಬೆಲೆ ತೆತ್ತ ರಾಜ್ಯ ನಮ್ಮದು. 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ಹಗರಣದಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ; ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವರು. ಆ ಎರಡೂ ಕಡೆ ಎದುರಿಗಿದ್ದದ್ದು ಸರ್ಕಾರ. ಸರ್ಕಾರಕ್ಕೆ ವಿಳಾಸವಿದೆ, ರಾಜೀನಾಮೆ ಕೇಳಬಹುದು. ಕಪಾಟಿನ ಡಬ್ಬಿಯ ರಾಜೀನಾಮೆಯನ್ನು ಯಾರ ಬಳಿ ಕೇಳುವುದು?

ಇಷ್ಟಾದರೂ ಕಿವಿ ಮುಚ್ಚಿಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಓದು ಬಾರದ ರೈತ ಬಾಯಲ್ಲೇ ಕೇಳಿ ಪೇಟೆ ಧಾರಣೆ ತಿಳಿಯುವುದಾದರೆ ಅದು ಸಣ್ಣ ಮಾತಲ್ಲ. ಆದರೆ ಅದಾಗಬೇಕೆಂದರೆ ಯಂತ್ರಕ್ಕೆ ಹಾವೇರಿಯ ಮಾತು ತಿಳಿಯಬೇಕು, ಸವಣೂರಿನ ಕನ್ನಡ-ಉರ್ದು ಕಲಸುಮೇಲೋಗರ ತಿಳಿಯಬೇಕು. ತಿಳಿಯಬೇಕಾದರೆ ಯಾರಾದರೂ ದನಿ ಕೊಡಬೇಕು. ಕೊಡುವುದಕ್ಕೂ ಕಸಿದುಕೊಳ್ಳುವುದಕ್ಕೂ ಇರುವ ಅಂತರ ನೋಡಬೇಕೆಂದರೆ ಬೆಂಗಳೂರಿಗೆ ಬನ್ನಿ. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿದ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳಿಂದ 1,50,000 ಗಂಟೆಯ ಮಾತು ಕೂಡಿಸುವ ಗುರಿ ಇಟ್ಟುಕೊಂಡಿದೆ. ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಲ್ಲಿ ಹೇಳಿ ಎಂದು ಕೇಳುತ್ತಾರೆ. ‘ಕಾರ್ಯ’ ಎಂಬ ಇನ್ನೊಂದು ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಓದಿಸಿಕೊಂಡು ಗಂಟೆಗೆ ಸುಮಾರು 5 ಡಾಲರ್ ಕೂಲಿ ಕೊಟ್ಟಿದೆ. ಕೇಳುವವರು ಎದುರಿಗೆ ನಿಂತಿರುತ್ತಾರೆ. ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದವರು ಅಮೆರಿಕದ ಕಲಾವಿದೆ ಸ್ಟೆಫನಿ ಡಿಂಕಿನ್ಸ್. ತಮ್ಮದೇ ಕುಟುಂಬದ ಮೂರು ತಲೆಮಾರಿನ ಹೆಂಗಸರ ಬಾಯಿಂದ ಕೇಳಿದ ಕತೆಗಳನ್ನು ಉಣಿಸಿ ಮಾತಾಡುವ ಶಿಲ್ಪವೊಂದನ್ನು 2018ರಲ್ಲಿ ಮಾಡಿದರು. ಅದು ಆಗಾಗ ಒಗಟಾಗಿ ಮಾತಾಡುತ್ತದೆ. ಆದರೆ ಯಾರ ಮಾತು ಅದರೊಳಗಿದೆ ಎಂದು ಆ ಮನೆಗೆ ಗೊತ್ತು.

ದನಿ ಕೊಟ್ಟವರ ಗುರುತು ಉಳಿಯುವುದು ಎಷ್ಟು ಮುಖ್ಯ ಎಂದು ಹಾನಗಲ್ಲಿಗೆ ಹೇಳಿಕೊಡಬೇಕಿಲ್ಲ. ಊರಿನ ಹೆಸರನ್ನೇ ಹೆಸರಲ್ಲಿ ಹೊತ್ತ ಗಂಗೂಬಾಯಿ ಹಾನಗಲ್ 1930ರ ದಶಕದ ಆರಂಭದಲ್ಲಿ ಮುಂಬೈಗೆ ಹೋಗಿ ಎಚ್‌ಎಂವಿ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಅದರ ಮೇಲೆ ಅಚ್ಚಾದದ್ದು ‘ಗಾಂಧಾರಿ’ ಎಂಬ ಹೆಸರು. ಆ ದನಿ ತನ್ನ ಹೆಸರನ್ನು ಗೆದ್ದುಕೊಂಡಿತು. ಯಂತ್ರವನ್ನು ತಿದ್ದಲು ಬಳಕೆಯಾದ ಲಕ್ಷಾಂತರ ದನಿಗಳಿಗೆ ತಟ್ಟೆಯೂ ಇಲ್ಲ, ಚೀಟಿಯೂ ಇಲ್ಲ.

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಬಾಳೆಹಣ್ಣಿನ ಕತೆ ನಮಗೆಲ್ಲ ಬಾಯಿಪಾಠ. ಯಾರೂ ಇಲ್ಲದ ಕಡೆ ಹೋಗಿ ತಿಂದು ಬನ್ನಿ ಎಂದು ಗುರುಗಳು ಹಣ್ಣು ಕೊಟ್ಟರೆ ಎಲ್ಲರೂ ಒಂದೊಂದು ಮರೆ ಹುಡುಕಿ ತಿಂದರು, ಕನಕರೊಬ್ಬರೇ ಹಣ್ಣನ್ನು ಹಾಗೇ ವಾಪಸು ತಂದರು. ದೇವರಿಲ್ಲದ ಜಾಗ ಸಿಗಲಿಲ್ಲ ಎಂದರು. ಸಣ್ಣವರಿದ್ದಾಗ ನಮ್ಮ ಮೆಚ್ಚುಗೆಯೆಲ್ಲ ಕನಕರಿಗೆ ಮೀಸಲು. ಈಗ ಉಳಿದ ಶಿಷ್ಯರ ಬಗ್ಗೆಯೂ ಯೋಚಿಸುತ್ತೇನೆ. ಬಾಗಿಲ ಹಿಂದೆಯೋ ಕೊಟ್ಟಿಗೆಯಲ್ಲೋ ಅವರಿಗೆ ಒಂದು ಮರೆಯಾದರೂ ಸಿಕ್ಕಿತ್ತು. ಕನಕರು ಕಂಡ ಕೇಳುಗ ಕೇಳಿದ್ದನ್ನು ಮಾರುವವನೂ ಆಗಿರಲಿಲ್ಲ.

2025ರ ಮಾರ್ಚ್ 28ರಿಂದ ಅಮೆಜಾನ್ ಎಕೋದ ಕೆಲವು ಮಾದರಿಗಳಲ್ಲಿದ್ದ ‘ಧ್ವನಿಮುದ್ರಣ ಕಳಿಸಬೇಡ’ ಎಂಬ ಆಯ್ಕೆಯನ್ನು ತೆಗೆದುಹಾಕಿದೆ. ಕಳಿಸುವುದನ್ನು ತಡೆಯಲು ಉಳಿದಿರುವುದು ಮೈಕನ್ನೇ ಮುಚ್ಚುವ ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಮುಖ ಮಾತ್ರ ಇನ್ನೂ ಬಂದಿಲ್ಲ. ಗೊಟಗೋಡಿಯ ಸಿಮೆಂಟಿನ ಊರಿನ ಪಕ್ಕದಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಮಾತನ್ನೇ ಆಸ್ತಿಯೆಂದು ಕಾಯುವ ಆ ಸಂಸ್ಥೆಗೂ ಸಿಮೆಂಟಿನ ಊರಿನ ಶಿಲ್ಪಿಗಳಿಗೂ ನಡುವೆ ಇರುವುದು ಒಂದು ಬೇಲಿಯಷ್ಟೇ ದೂರ. ಇಬ್ಬರೂ ಸೇರಿ ಆ ಡಬ್ಬಿಗೆ ನಮ್ಮ ಕಡೆಯದೊಂದು ಮುಖ ಮಾಡಿಕೊಡಲಿ ಎಂಬುದು ನನ್ನ ಕೋರಿಕೆ. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಅಂಥ ಡಬ್ಬಿ ಇದ್ದರೆ, ಬಂದವರಿಗೆ ಬೆಲ್ಲ ನೀರು ಕೊಡುವಾಗಲೇ ಒಂದು ಮಾತು ಹೇಳಿಬಿಡಿ: ‘ಇಲ್ಲೊಂದು ಕಿವಿ ಐತ್ರಿ, ಆರಿಸಲೇನು?’